ಆಸ್ಪತ್ರೆಯಲ್ಲಿ ತಪ್ಪು ಕಂಡ ಮಗಳಿಗೆ ನಾವೇನು ಹೇಳುತ್ತೇವೆ?

(ಚಿಕ್ಕೋಡಿಯಲ್ಲಿ ನಡೆದ ನರ್ಸಿಂಗ್ ವಿದ್ಯಾರ್ಥಿನಿಯರು ಹಾಗೂ ಅವರ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸೇವಾ ಮನೋಭಾವದ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದರು. ಆ ಕುರಿತು ನೀವು ಈಗಾಗಲೇ ಸಾಕಷ್ಟು ಕೇಳಿದ್ದೀರಿ. ಮದೀನಾದ ಮಸೀದಿಯ ಬಳಿ ಡೇರೆ ಹಾಕಿ ಗಾಯಾಳುಗಳನ್ನು ಉಪಚರಿಸಿದ ರುಫೈದಾ ಅಸ್ಲಮಿಯ್ಯಾರ ಹೆಸರು ನಿಮಗೆ ಬಾಯಿಪಾಠವಾಗಿದೆ. ಖಂದಕ್ ಕದನದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಅವರ ಡೇರೆಗೇ ಕರೆತರಲಾಗಿತ್ತೆಂಬುದೂ ಗೊತ್ತು. ನಿಮ್ಮ ಅನುಮತಿಯಿದ್ದರೆ ನಾನು ಆ ವಿಷಯವನ್ನು ಬದಿಗಿಟ್ಟು ಒಂದು ಫೋನ್ ಕರೆಯ ಬಗ್ಗೆ ಮಾತನಾಡುತ್ತೇನೆ. ಆ ಕರೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಇದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಆಪಾ ನಿಪ್ಪಾಣಿಯವರು. ನಿಪ್ಪಾಣಿಯ ಎಷ್ಟೋ ಮನೆಗಳ ಹೆಂಗಸರಂತೆ ಅವರೂ ಬೀಡಿ ಕಟ್ಟಿ ಮಗಳ ಜಿಎನ್‌ಎಂ ಫೀಸು ತುಂಬಿದವರು. ಆ ಹುಡುಗಿಗೆ ಮೊದಲ ನೌಕರಿ ಸಿಕ್ಕಿದ್ದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಊರನ್ನೂ ಆಸ್ಪತ್ರೆಯನ್ನೂ ನಾನು ಹೆಸರಿಸುವುದಿಲ್ಲ. ಸಂಬಳ ಎಂಟು ಸಾವಿರ. ಸೇರುವಾಗಲೇ ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಸೇರಿ ಇನ್ನೂ ಐದು ವಾರ ಆಗಿರಲಿಲ್ಲ. ಒಂದು ಬೆಳಿಗ್ಗೆ, ಫಜ್ರ್ ಮುಗಿಸಿ ನಾನು ಮಸೀದಿಯಿಂದ ಹೊರಬರುತ್ತಿರುವಾಗ ಅವಳ ಕರೆ ಬಂತು.

"ಮಾಮೂ, ಬರೀಲೋ ಬ್ಯಾಡೋ?" ಎಂಬುದೇ ಅವಳ ಮೊದಲ ಮಾತು.

ನಡೆದದ್ದಿಷ್ಟು. ಹೆಂಗಸರ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಗೆ ಸಂಜೆ 20 ಯೂನಿಟ್ ಇನ್ಸುಲಿನ್ ಕೊಡಬೇಕೆಂದು ಡಾಕ್ಟರು ಬರೆದಿದ್ದರು. ವಾರ್ಡಿನ ಹಿರಿಯ ಸಿಸ್ಟರ್ ಕೊಟ್ಟರು. ರಾತ್ರಿ ಎರಡರ ಹೊತ್ತಿಗೆ ಅಜ್ಜಿ ತಣ್ಣಗೆ ಬೆವರುತ್ತಿದ್ದರು, ಕರೆದರೆ ಮಾತಿಲ್ಲ. ನಮ್ಮ ಹುಡುಗಿ ಬೆರಳು ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ 38. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟಳು. ಅಜ್ಜಿ ಕಣ್ಣು ಬಿಟ್ಟರು. ಮುಂದೆ ಗಂಟೆಗೊಮ್ಮೆ ಸಕ್ಕರೆ ನೋಡುತ್ತ ಬೆಳಗು ಮಾಡಿದಳು. ಆದರೆ ಹೀಗೇಕಾಯಿತೆಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ಟ್ರೇಯಲ್ಲಿ ನೋಡಿದರೆ ಇನ್ಸುಲಿನ್ ಬಾಟಲಿ ಹೊಸದು, ಅದರ ಮೇಲೆ ಯು-100 ಎಂದಿದೆ. ಬಳಸಿ ಎಸೆದ ಸಿರಿಂಜಿನ ಮುಚ್ಚಳ ಕೆಂಪು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಈ ಸಭೆಯಲ್ಲಿರುವ ಅನೇಕರ ಮನೆಯ ಫ್ರಿಜ್ಜಿನಲ್ಲೂ ಇನ್ಸುಲಿನ್ ಇದೆ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಶಕ್ತಿಯಲ್ಲಿ ಬರುತ್ತದೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಯು-40, ನೂರು ಯೂನಿಟ್ ಇರುವುದು ಯು-100. ಸಿರಿಂಜುಗಳೂ ಎರಡು ಬಗೆ. ಕೆಂಪು ಮುಚ್ಚಳದ್ದು ಯು-40ಕ್ಕೆ, ಕಿತ್ತಳೆ ಮುಚ್ಚಳದ್ದು ಯು-100ಕ್ಕೆ. ಯು-100 ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ಗೆರೆ ಸರಿಯಾಗಿಯೇ ಇರುತ್ತದೆ, ಕೈಯೂ ಸರಿಯಾಗಿಯೇ ಇರುತ್ತದೆ, ಮನುಷ್ಯ ಮಾತ್ರ ಸಾಯುವ ಸ್ಥಿತಿಗೆ ಬರುತ್ತಾನೆ. ಆ ಆಸ್ಪತ್ರೆಯಲ್ಲಿ ಮೊದಲಿನಿಂದ ಬರುತ್ತಿದ್ದುದು ಯು-40. ಆ ವಾರ ಔಷಧ ಅಂಗಡಿಯವರು ಬೇರೆ ಬಾಟಲಿ ಕಳಿಸಿದ್ದರು, ಸಿರಿಂಜು ಬದಲಾಗಿರಲಿಲ್ಲ. ವಾರ್ಡಿಗೆ ಯಾರೂ ಹೇಳಿರಲಿಲ್ಲ.

ಹುಡುಗಿ ಹಿರಿಯ ಸಿಸ್ಟರಿಗೆ ತೋರಿಸಿದಳು. ಆಕೆ ಕೆಟ್ಟವರಲ್ಲ. ಇಪ್ಪತ್ತು ವರ್ಷ ದುಡಿದವರು, ಈ ಹುಡುಗಿಗೆ ಸೂಜಿ ಹಾಕುವುದನ್ನು ಕೈಹಿಡಿದು ಕಲಿಸಿದವರು, ರಂಜಾನಿನಲ್ಲಿ ಅವಳ ಇಫ್ತಾರಿಗೆಂದು ತಮ್ಮ ಮನೆಯಿಂದ ಬಾಳೆಹಣ್ಣು ತಂದವರು. ಅವರ ಮುಖ ಬಿಳಿಚಿಕೊಂಡಿತಂತೆ. "ಅಜ್ಜಿ ಆರಾಮ ಆದಳಲ್ಲ ಬೇ, ಫೈಲಿನ್ಯಾಗ ಬರೀಬ್ಯಾಡ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ" ಎಂದರಂತೆ.

ನಾನೇನು ಹೇಳಿದೆ? "ಬೇಟಿ, ಅಜ್ಜಿ ಬದುಕಿದ್ದಾರೆ. ನೀನು ಹೊಸಬಳು. ನಿನ್ನ ಕಾಗದಪತ್ರ ಅವರ ಕೈಯಲ್ಲಿವೆ. ಸುಮ್ಮನಿರು." ಐದು ವರ್ಷ ಮದರಸದಲ್ಲಿ ಅಮಾನತ್ ಎಂಬ ಪದದ ಅರ್ಥವಿವರಣೆ ಓದಿದವನು, ಪತ್ರಿಕೆಯಲ್ಲಿ ವಾರವಾರ ಅನ್ಯಾಯದ ವಿರುದ್ಧ ಬರೆಯುವವನು, ನನ್ನ ಮನೆಯ ಹುಡುಗಿಯ ಪ್ರಶ್ನೆಗೆ ಕೊಟ್ಟ ಉತ್ತರ ಇದು. ನಮ್ಮ ಸಮುದಾಯದ ಹೆಣ್ಣುಮಕ್ಕಳು ಬಹಳ ಕಷ್ಟದಿಂದ ಹೊಸ್ತಿಲು ದಾಟಿ ಈ ವೃತ್ತಿಗೆ ಬರುತ್ತಿದ್ದಾರೆ, ಮೊದಲ ನೌಕರಿಯಲ್ಲೇ ಗಲಾಟೆ ಬೇಡ ಎಂಬ ಲೆಕ್ಕಾಚಾರ ನನ್ನದು. ಸಭೆಯಲ್ಲಿರುವ ತಂದೆಯರಲ್ಲಿ ಬಹುಪಾಲು ಇದೇ ಲೆಕ್ಕ ಹಾಕುತ್ತಿದ್ದರೆಂದು ಊಹಿಸುತ್ತೇನೆ.

ಅವಳು ನನ್ನ ಮಾತು ಕೇಳಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಸುಮ್ಮನಿದ್ದರೆ ಏನಾಗುತ್ತದೆ? ನಮ್ಮದೇ ಜಿಲ್ಲೆಯ ಉದಾಹರಣೆ ಇದೆ. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಬೋಚಬಾಳ ಮತ್ತು ಮಲ್ಲಾಪುರ ಗ್ರಾಮಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಎರಡು ವರ್ಷವೂ ತುಂಬದ ಮಕ್ಕಳು. ಲಸಿಕೆಯನ್ನು ಒಂದು ಹೋಟೆಲಿನ ಫ್ರಿಜ್ಜಿನಲ್ಲಿ ಇಡಲಾಗಿತ್ತೆಂಬುದು ಆಗ ಪ್ರಾಥಮಿಕ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ. ಆರೋಗ್ಯ ಸಹಾಯಕಿಯನ್ನೂ ಔಷಧ ವಿತರಕರನ್ನೂ ಅಮಾನತುಗೊಳಿಸಲಾಯಿತು.

ಈ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಜೊತೆಗೆ ಬರುವ ದ್ರಾವಣದಲ್ಲಿ ಅದನ್ನು ಕಲಸಬೇಕು. ಕಲಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಲೇಬೇಕು. ಬೇರೆ ಕೆಲವು ಲಸಿಕೆಗಳ ತೆರೆದ ಬಾಟಲಿಯನ್ನು ಇನ್ನೊಂದು ದಿನದ ಶಿಬಿರಕ್ಕೆ ಒಯ್ಯಬಹುದು, ಇದನ್ನು ಒಯ್ಯುವಂತಿಲ್ಲ. ಕಲಸಿದ ಬಾಟಲಿಯೊಳಗೆ ರೋಗಾಣು ಸೇರಿ ಬೆಳೆದರೆ ಅದರ ವಿಷ ಕೂಸಿನ ಮೈಗೆ ಸೇರಿ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ಇದು ಹೊಸ ಜ್ಞಾನವೇನಲ್ಲ. 2008ರ ಏಪ್ರಿಲ್‌ನಲ್ಲಿ ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯಲ್ಲಿ ದಡಾರ ಲಸಿಕೆಯ ಬಳಿಕ ನಾಲ್ಕು ಮಕ್ಕಳು ಸತ್ತಾಗ ಇಡೀ ದೇಶದಲ್ಲಿ ಇದರ ಚರ್ಚೆ ನಡೆದಿತ್ತು.

ನನ್ನ ಪ್ರಶ್ನೆ ಅಮಾನತಾದ ಆ ಸಹಾಯಕಿಯ ಬಗ್ಗೆ ಅಲ್ಲ. ಲಸಿಕೆಯ ಪೆಟ್ಟಿಗೆ ಹಳ್ಳಿಗೆ ಹೋಗುವುದು, ಬರುವುದು, ಎಲ್ಲಿ ಇಳಿಯುತ್ತದೆ, ಸಂಜೆ ಮರಳಿತೇ ಇಲ್ಲವೇ ಎಂಬುದೆಲ್ಲ ಒಬ್ಬರ ಕಣ್ಣಿಗಷ್ಟೇ ಬೀಳುವ ಸಂಗತಿಯಲ್ಲ. ಆಶಾ ಕಾರ್ಯಕರ್ತೆಯರಿರುತ್ತಾರೆ, ಅಂಗನವಾಡಿಯವರಿರುತ್ತಾರೆ, ಹೋಟೆಲಿನವನಿರುತ್ತಾನೆ. ಕಂಡವರು ಆಡುವಂತಹ ವಾತಾವರಣವನ್ನು ನಮ್ಮ ಆರೋಗ್ಯ ಇಲಾಖೆ ಸೃಷ್ಟಿಸಿದೆಯೇ? ಮೂರು ಹೆಣ ಬಿದ್ದ ಮೇಲೆ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರನ್ನು ಅಮಾನತು ಮಾಡುವುದು ಸುಲಭ. ಶೀತಲ ಪೆಟ್ಟಿಗೆ ಸರಿಯಿಲ್ಲ, ವಾಹನವಿಲ್ಲ ಎಂದು ಅದೇ ಕೆಳಗಿನ ಮೆಟ್ಟಿಲಿನವರು ಹೇಳಿದಾಗ ಮೇಲಿನವರು ಕಿವಿಗೊಡುವುದು ಮಾತ್ರ ಕಷ್ಟ.

ಬಳ್ಳಾರಿಯ ಕಥೆ ಇದಕ್ಕಿಂತ ಸಿಕ್ಕಾದದ್ದು. 2024ರ ನವೆಂಬರ್ 9ರಿಂದ 11ರವರೆಗೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರಲ್ಲಿ ಹಲವರ ಮೂತ್ರಪಿಂಡ ಕೈಕೊಟ್ಟಿತು. ಒಬ್ಬರ ಹಿಂದೆ ಒಬ್ಬರಂತೆ ಐವರು ತೀರಿಕೊಂಡರು. ಸಂಶಯ ಬಿದ್ದದ್ದು ಪಶ್ಚಿಮ ಬಂಗಾಳದ ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ಸ್ ಎಂಬ ಕಂಪೆನಿ ಪೂರೈಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ನಾವು ಆಡುಮಾತಿನಲ್ಲಿ ಸಲಾಯಿನ್ ಎಂದು ಕರೆಯುವ ಬಾಟಲಿಗಳಲ್ಲೊಂದು. ಅದೇ ಕಂಪೆನಿಯ ಕೆಲವು ಬ್ಯಾಚುಗಳು ರಾಜ್ಯದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಮೊದಲೇ ಅನುತ್ತೀರ್ಣವಾಗಿದ್ದವು. ಕೇಂದ್ರದ ಪ್ರಯೋಗಾಲಯ ಅವನ್ನು ಸರಿಯೆಂದಿತು. ದ್ರಾವಣ ಮತ್ತೆ ವಾರ್ಡುಗಳಿಗೆ ಬಂತು. ಸಾವುಗಳ ನಂತರ ರಾಜ್ಯ ಔಷಧ ನಿಯಂತ್ರಕರನ್ನೇ ಸರಕಾರ ಅಮಾನತುಗೊಳಿಸಿತು. ಎರಡು ತಿಂಗಳಾಗುವಷ್ಟರಲ್ಲಿ, 2025ರ ಜನವರಿಯಲ್ಲಿ, ಬಂಗಾಳದ ಮೇದಿನಿಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಅದೇ ಕಂಪೆನಿಯ ದ್ರಾವಣ ಪಡೆದ ಬಾಣಂತಿಯರು ಅಸ್ವಸ್ಥರಾಗಿ ಒಬ್ಬರು ಸತ್ತರು. ಅಲ್ಲಿ ಹಿರಿಯ ವೈದ್ಯರು ಶಸ್ತ್ರಚಿಕಿತ್ಸೆಯ ವೇಳೆ ಇರಲೇ ಇಲ್ಲವೆಂಬ ಆರೋಪವೂ ಬಂದು ವೈದ್ಯರನ್ನು ಅಮಾನತು ಮಾಡಲಾಯಿತು.

ಸಹೋದರಿಯರೇ, ಈ ಬಾಟಲಿಯನ್ನು ರೋಗಿಯ ಮೈಗೆ ಸೇರಿಸುವ ಕೊನೆಯ ಕೈ ಯಾರದು? ಮಂತ್ರಿಯದಲ್ಲ, ಔಷಧ ನಿಯಂತ್ರಕರದಲ್ಲ, ಬಹಳ ಸಲ ಡಾಕ್ಟರದೂ ಅಲ್ಲ. ನಿಮ್ಮದು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಕಸ ತೇಲುತ್ತಿದೆಯೇ, ನೀರು ಮಬ್ಬಾಗಿದೆಯೇ, ಎಲ್ಲಾದರೂ ಜಿನುಗುತ್ತಿದೆಯೇ? ಬ್ಯಾಚ್ ನಂಬರನ್ನು ಫೈಲಿನಲ್ಲಿ ಬರೆಯಿರಿ. ಎರಡನೆಯ ರೋಗಿಗೆ ಚಳಿ ಬಂದು ನಡುಗಿದಾಗ, ಮೊದಲನೆಯವಳಿಗೆ ಕೊಟ್ಟ ಬಾಟಲಿ ಇದೇ ಬ್ಯಾಚಿನದೇ ಎಂಬ ಪ್ರಶ್ನೆಗೆ ಉತ್ತರ ಆ ಒಂದು ಸಾಲಿನಲ್ಲಿರುತ್ತದೆ. ಔಷಧಿಯಿಂದಾದ ತೊಂದರೆಯನ್ನು ವರದಿ ಮಾಡಲು ಭಾರತದಲ್ಲಿ 2010ರಿಂದ ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮವಿದೆ. ಉಚಿತ ದೂರವಾಣಿ 1800-180-3024. ಡಾಕ್ಟರರಷ್ಟೇ ಅಲ್ಲ, ನರ್ಸ್ ಕೂಡ ಅಲ್ಲಿಗೆ ತಿಳಿಸಬಹುದು, ರೋಗಿಯೂ ತಿಳಿಸಬಹುದು. ಈ ನಂಬರು ಎಷ್ಟು ನರ್ಸಿಂಗ್ ಹೋಮುಗಳ ಗೋಡೆಯ ಮೇಲಿದೆ? ನಾನಂತೂ ಅಥಣಿಯಿಂದ ನಿಪ್ಪಾಣಿಯವರೆಗೆ ನಾನು ಹೋದ ಕಡೆಯಲ್ಲೆಲ್ಲ ಸಿಸೇರಿಯನ್ ಪ್ಯಾಕೇಜಿನ ದರಪಟ್ಟಿಯನ್ನಷ್ಟೇ ನೋಡಿದ್ದೇನೆ.

ಇನ್ನೊಂದು ವಿಚಾರ ನಮ್ಮ ಈ ಭಾಗಕ್ಕೆ ವಿಶೇಷವಾದದ್ದು. ಕಾಗವಾಡ, ಅಥಣಿ, ರಾಯಬಾಗದ ಜನ ದೊಡ್ಡ ಕಾಯಿಲೆಯಾದರೆ ಗಡಿ ದಾಟಿ ಮೀರಜ್‌ಗೆ ಹೋಗುವುದು ಅಜ್ಜಂದಿರ ಕಾಲದ ರೂಢಿ. 1894ರಲ್ಲಿ ವಾನ್‌ಲೆಸ್ ಎಂಬ ಮಿಷನರಿ ವೈದ್ಯರು ಅಲ್ಲಿ ಆಸ್ಪತ್ರೆ ಆರಂಭಿಸಿದ ದಿನಗಳಿಂದ ಬಂದದ್ದು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗುತ್ತಾರೆ. ನಮ್ಮ ಹುಡುಗಿಯರೂ ಅಲ್ಲಿಯೇ ನೌಕರಿ ಹಿಡಿಯುತ್ತಾರೆ. ಗಡಿ ದಾಟಿದ ಕೂಡಲೇ ನರ್ಸಿಂಗ್ ಕೌನ್ಸಿಲ್ ಬೇರೆ, ನೋಂದಣಿ ಬೇರೆ, ದೂರು ಕೊಡುವ ಕಚೇರಿ ಬೇರೆ. ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಮರಾಠಿಯಲ್ಲಿ "ಕಾಯ್ ತ್ರಾಸ್ ಹೋತೊ" ಎಂದು ಕೇಳುತ್ತಾರೆ, ಅಜ್ಜಿ ತಲೆಯಾಡಿಸುತ್ತಾಳೆ, ಅದು ಉತ್ತರವಾಗುತ್ತದೆ. ಎರಡೂ ಭಾಷೆ, ಜೊತೆಗೆ ದಖನಿಯನ್ನೂ ಬಲ್ಲ ನಮ್ಮ ಹುಡುಗಿಯರು ಅಲ್ಲಿ ಎಷ್ಟೋ ತಪ್ಪುಗಳನ್ನು ಹುಟ್ಟುವ ಮೊದಲೇ ತಡೆದಿದ್ದಾರೆ. ಇದು ಯಾವ ದಾಖಲೆಯಲ್ಲೂ ಬರುವುದಿಲ್ಲ.

ಈಚೆ ಬದಿಯಲ್ಲಿ, ಅಂದರೆ ಕರ್ನಾಟಕದಲ್ಲಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ನಂತರದ ತಿದ್ದುಪಡಿಯಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕುಂದುಕೊರತೆ ಆಲಿಸುವ ಹೊಣೆಯೂ ಬಂದಿದೆ. ಅದು ಕೂರುವುದು ಬೆಳಗಾವಿಯಲ್ಲಿ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗಿಂತ ಹೆಚ್ಚು. ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಇನ್ನು ತಪ್ಪು ಬಯಲಿಗೆಳೆದವರನ್ನು ಕಾಪಾಡುವ ಕಾಯ್ದೆಯೆಂದು 2014ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಇದೆಯಲ್ಲ, ಅದು ಸಾರ್ವಜನಿಕ ಸೇವಕರ ಭ್ರಷ್ಟಾಚಾರ, ಅಧಿಕಾರ ದುರುಪಯೋಗಕ್ಕೆ ಸಂಬಂಧಿಸಿದ್ದು. ಅದನ್ನೂ ಇಂದಿನವರೆಗೆ ಜಾರಿಗೆ ತಂದಿಲ್ಲ. ಖಾಸಗಿ ಆಸ್ಪತ್ರೆಯ ಎಂಟು ಸಾವಿರದ ನರ್ಸಿಗೆ ಅದರಿಂದ ಯಾವ ಆಸರೆಯೂ ಇಲ್ಲ. ಹಾಗಾಗಿ ಧೈರ್ಯದಿಂದ ಮಾತಾಡಿರಿ ಎಂದು ಈ ವೇದಿಕೆಯಿಂದ ಸುಲಭವಾಗಿ ಉಪದೇಶಿಸಲು ನನಗೆ ನಾಚಿಕೆಯಾಗುತ್ತದೆ.

ಆಡಿದವರಿಗೆ ಶಿಕ್ಷೆಯಾದ ಉದಾಹರಣೆ ದೂರದ ಅಮೆರಿಕದಲ್ಲೂ ಇದೆ. 2017ರ ಡಿಸೆಂಬರಿನಲ್ಲಿ ನ್ಯಾಶ್ವಿಲ್ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ರಡೋಂಡಾ ವಾಟ್ ಎಂಬ ನರ್ಸ್ ರೋಗಿಯ ಆತಂಕ ಕಡಿಮೆ ಮಾಡುವ ಔಷಧದ ಬದಲು, ಮೈಯ ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಔಷಧ ಕೊಟ್ಟುಬಿಟ್ಟರು. ರೋಗಿ ಸತ್ತರು. ತಪ್ಪು ತನ್ನದೆಂದು ಅವರೇ ಒಪ್ಪಿಕೊಂಡರು. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ಜೈಲಿನ ಬದಲು ಮೂರು ವರ್ಷದ ನಿಗಾವಣೆ ವಿಧಿಸಿತು. ಒಪ್ಪಿಕೊಂಡವರನ್ನೇ ಹೀಗೆ ಶಿಕ್ಷಿಸಿದರೆ ಮುಂದೆ ಯಾರು ಒಪ್ಪಿಕೊಂಡಾರು ಎಂದು ಆ ದೇಶದ ನರ್ಸುಗಳು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಸತ್ತ ಮಹಿಳೆಯ ಮನೆಯವರ ಪ್ರಶ್ನೆಯೂ ನ್ಯಾಯವಾದದ್ದೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನಿಂದಾಗದು.

ನಮ್ಮ ಸುಪ್ರೀಂ ಕೋರ್ಟು 1998ರಲ್ಲಿ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಮಾತ್ರ ಇಲ್ಲಿನ ತಂದೆತಾಯಿಗಳು ನೆನಪಿಡಬೇಕು. ಒಬ್ಬ ಬಾಲಕನಿಗೆ ನರ್ಸ್ ಕೊಟ್ಟ ಚುಚ್ಚುಮದ್ದಿನಿಂದ ಹೃದಯ ನಿಂತು, ಮೆದುಳಿಗೆ ಶಾಶ್ವತ ಹಾನಿಯಾಯಿತು. ಚುಚ್ಚಿದವರಿಗೆ ನರ್ಸಿಂಗ್ ಅರ್ಹತೆಯೇ ಇರಲಿಲ್ಲ. ಮಗುವಿಗೆ ಹನ್ನೆರಡೂವರೆ ಲಕ್ಷ, ಹೆತ್ತವರಿಗೆ ಪ್ರತ್ಯೇಕವಾಗಿ ಐದು ಲಕ್ಷ ಪರಿಹಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಹೊಣೆಯಿಂದ ಆಸ್ಪತ್ರೆ ಜಾರಿಕೊಳ್ಳಲಾಗಲಿಲ್ಲ. ನಮ್ಮ ಸಣ್ಣ ಊರುಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ಬಿಳಿ ಕೋಟು ತೊಡಿಸಿ ಸಿಸ್ಟರ್ ಎನ್ನುವ ಪದ್ಧತಿ ಇದೆ. ನಿಮ್ಮ ಮಗಳನ್ನು ಅಂಥ ಕೆಲಸಕ್ಕೆ ಕಳಿಸಿದ್ದರೆ, ದುಡಿಮೆಯೆಂದು ಸಂತೋಷಪಡುವ ಮೊದಲು, ಅವಳ ಕೈಯಿಂದ ಏನು ಮಾಡಿಸುತ್ತಿದ್ದಾರೆಂದು ಕೇಳಿ.

ಈಗ ನಮ್ಮ ಹುಡುಗಿಯ ಕಥೆಗೆ ಬರುತ್ತೇನೆ. ನನ್ನ ಫೋನ್ ಇಟ್ಟ ಮೇಲೆ ಅವಳು ಫೈಲ್ ತೆಗೆದು ಬರೆದಳು. ರಾತ್ರಿ 2 ಗಂಟೆ 10 ನಿಮಿಷ, ಸಕ್ಕರೆ 38, ಇಂಥ ಡಾಕ್ಟರ ಸೂಚನೆಯಂತೆ ಗ್ಲೂಕೋಸ್ ಕೊಡಲಾಯಿತು. ಬಾಟಲಿ ಯು-100, ಸಿರಿಂಜ್ ಯು-40. ಇಷ್ಟೇ. ಯಾರ ತಪ್ಪು ಎಂದು ಬರೆಯಲಿಲ್ಲ. ಬಾಟಲಿಯನ್ನೂ ಸಿರಿಂಜನ್ನೂ ಒಂದು ಟ್ರೇಯಲ್ಲಿಟ್ಟು, ಹಿರಿಯ ಸಿಸ್ಟರ ಬಳಿ ಹೋಗಿ, "ಡಾಕ್ಟರಿಗೆ ನೀವೇ ಹೇಳ್ರಿ ಅಕ್ಕಾರ, ನಾ ನಿಮ್ ಬಾಜೂಕ ನಿಂತಿರ್ತೀನಿ" ಎಂದಳು. ಸಿಸ್ಟರ್ ಅತ್ತರಂತೆ. ಹೇಳಿದವರು ಕೊನೆಗೆ ಅವರೇ.

ಡಾಕ್ಟರು ಮೊದಲು ರೇಗಿದರು, ರೇಗಿದ್ದು ಹೊಸ ಹುಡುಗಿಯ ಮೇಲೆ. ಆಮೇಲೆ ಉಳಿದ ಎರಡು ವಾರ್ಡುಗಳಿಗೆ ಕಂಪೌಂಡರನನ್ನು ಓಡಿಸಿದರು. ಅಲ್ಲಿಗೂ ಅದೇ ಬಾಟಲಿ ಹೋಗಿತ್ತು. ಬೆಳಗಿನ ನಾಷ್ಟಾದ ಮುಂಚಿನ ಇನ್ಸುಲಿನ್ ಕೊಡುವ ಹೊತ್ತು ಅದು. ಮೂವರು ರೋಗಿಗಳಿದ್ದರು. ನನ್ನ ಮಾತು ಕೇಳಿ ಅವಳು ಸುಮ್ಮನಿದ್ದಿದ್ದರೆ ಆ ಮೂವರಿಗೂ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತಿತ್ತು. ಒಬ್ಬ ಅಜ್ಜಿ ಬದುಕಿಕೊಂಡರೆಂಬುದನ್ನೇ ಹಿಡಿದುಕೊಂಡು ನಾನು ಮಾತಾಡಿದ್ದೆ. ಅದೇ ಬಾಟಲಿ ಬೇರೆ ವಾರ್ಡಿನಲ್ಲೂ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ನಮಾಝಿನಲ್ಲಿ ಇಮಾಮರು ತಪ್ಪಿದರೆ ಹಿಂದಿನವರು ಎಚ್ಚರಿಸಬೇಕೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಒಮ್ಮೆ ಸ್ವತಃ ಪ್ರವಾದಿ(ಸ)ಯವರು ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೇ ಮುಗಿಸಿದರು. ಅಬೂಬಕರ್, ಉಮರ್ ಇಬ್ಬರೂ ಆ ಸಾಲಿನಲ್ಲಿದ್ದರು, ಗೌರವದ ಅಳುಕಿನಿಂದ ಬಾಯಿ ತೆರೆಯಲಿಲ್ಲ. ಎದ್ದು ನಿಂತು ನಮಾಝ್ ಮೊಟಕಾಯಿತೇ ಅಥವಾ ತಾವು ಮರೆತಿರೇ ಎಂದು ಕೇಳಿದ್ದು ಝುಲ್ ಯದೈನ್ ಎಂಬ ಸಾಮಾನ್ಯ ವ್ಯಕ್ತಿ. ಪ್ರವಾದಿ(ಸ) ರೇಗಲಿಲ್ಲ, ಇವರು ಹೇಳುವುದು ನಿಜವೇ ಎಂದು ಉಳಿದವರನ್ನು ಕೇಳಿ, ಬಿಟ್ಟುಹೋದದ್ದನ್ನು ಪೂರ್ತಿ ಮಾಡಿ, ಮರೆವಿನ ಸಜ್ದಾ ಮಾಡಿದರು. ಮದರಸದಲ್ಲಿ ಈ ಹದೀಸನ್ನು ನಾನು ಸಹೂ ಸಜ್ದಾದ ಮಸ್‌ಅಲಾ ಎಂದಷ್ಟೇ ಓದಿದ್ದೆ. ಅದನ್ನು ಮತ್ತೆ ಓದಿಸಿದವಳು ಈ ಹುಡುಗಿ.

ಅವಳಿಗೆ ಬಹುಮಾನವೇನೂ ಸಿಗಲಿಲ್ಲ. ಆಸ್ಪತ್ರೆಯವರು ಅವಳನ್ನು ವಾರ್ಡಿನಿಂದ ತೆಗೆದು ಹೊರರೋಗಿಗಳ ಚೀಟಿ ಬರೆಯಲು ಕೂರಿಸಿದರು. ಮೂರನೆಯ ತಿಂಗಳಲ್ಲಿ ಅವಳೇ ಬಿಟ್ಟಳು. ಅಂಕಪಟ್ಟಿ ಮರಳಿ ಪಡೆಯಲು ಆಪಾ ನಾಲ್ಕು ಸಲ ಅಲೆದರು. ಐದನೆಯ ಸಲ ನಾನು ಜೊತೆಗೆ ಹೋದೆ, ಪತ್ರಿಕೆಯ ಗುರುತಿನ ಚೀಟಿ ಜೇಬಿನಲ್ಲಿತ್ತು, ತೋರಿಸುವ ಪ್ರಮೇಯ ಬರಲಿಲ್ಲ. ಹಿರಿಯ ಸಿಸ್ಟರ್ ಅಲ್ಲೇ ಇದ್ದರು. ಇನ್ಸುಲಿನ್ ಇಡುವ ಫ್ರಿಜ್ಜಿನ ಬಾಗಿಲಿಗೆ ಕೆಂಪು ಮುಚ್ಚಳವನ್ನೂ ಕಿತ್ತಳೆ ಮುಚ್ಚಳವನ್ನೂ ಅಂಟಿಸಿ ಕೆಳಗೆ ಕನ್ನಡದಲ್ಲಿ ಅಂಕಿ ಬರೆದಿದ್ದರು. ಅದನ್ನು ನನಗೆ ತೋರಿಸಿದರು.

ಅಜ್ಜಿಗೆ ಮಾತ್ರ ಯಾರೂ ಹೇಳಲಿಲ್ಲ. ಆ ರಾತ್ರಿ ತನಗೇನಾಯಿತೆಂದು ಆಕೆಗಾಗಲಿ, ಬೆಳಿಗ್ಗೆ ಬುತ್ತಿ ತಂದ ಮಗನಿಗಾಗಲಿ ಗೊತ್ತಿಲ್ಲ. "ಸಕ್ಕರಿ ಇಳಿದಿತ್ತು, ಈಗ ಆರಾಮ" ಎಂದಿದ್ದರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೇಳಬೇಕಿತ್ತೆಂದು ಹುಡುಗಿ ಈಗಲೂ ಅನ್ನುತ್ತಾಳೆ. ಹೇಳಿದ್ದರೆ ಆಸ್ಪತ್ರೆಗೆ ಕಲ್ಲು ಬೀಳುತ್ತಿತ್ತು, ಏಟು ತಿನ್ನುತ್ತಿದ್ದವಳು ಆ ಸಿಸ್ಟರೇ ಎಂದು ನಾನು ವಾದಿಸುತ್ತೇನೆ. ನಮ್ಮ ಊರುಗಳಲ್ಲಿ ಸಾವಾದ ಕೂಡಲೇ ಗಾಜು ಒಡೆಯುವ ಜನ ನಾವೇ ಅಲ್ಲವೇ? ಆ ಭಯವೂ ಫೈಲುಗಳನ್ನು ಖಾಲಿ ಇಡುತ್ತದೆ.

ಅವಳೀಗ ಮೀರಜ್‌ನ ಒಂದು ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿಯೂ ಮೂಲ ಅಂಕಪಟ್ಟಿ ಕೇಳಿದರಂತೆ. ನೋಡಿ ವಾಪಸು ಕೊಡುವುದಾದರೆ ತೋರಿಸುತ್ತೇನೆ, ಇಟ್ಟುಕೊಳ್ಳಲು ನಕಲು ಪ್ರತಿ ತಂದಿದ್ದೇನೆ ಎಂದಳಂತೆ. ಒಪ್ಪಿಕೊಂಡರು. ಈ ಕೊನೆಯ ಸಂಗತಿಯನ್ನು ಇಲ್ಲಿನ ಅಂತಿಮ ವರ್ಷದ ಹುಡುಗಿಯರು ಬರೆದುಕೊಳ್ಳಿ. ಉಳಿದದ್ದಕ್ಕೆ ನಿಮ್ಮ ಪ್ರಶ್ನೆಗಳಿದ್ದರೆ ಅಸರ್‌ವರೆಗೆ ನಾನು ಇಲ್ಲಿಯೇ ಇರುತ್ತೇನೆ.